ದಿನಕ್ಕೆ 30 ಪದ ಬಾಯಿಪಾಠ ಮಾಡಿದರೆ ಅಡ್ವಾನ್ಸ್ಡ್ ಇಂಗ್ಲಿಷ್ ಬರುತ್ತಾ?

ನೀವು ಓದಿದ್ದು ಕನ್ನಡ ಮೀಡಿಯಂ. ಜಿಆರ್‌ಇ (ವಿದೇಶದಲ್ಲಿ ಸ್ನಾತಕೋತ್ತರ ಓದಲು ಬರೆಯುವ ಪರೀಕ್ಷೆ) ಪದಗಳ ಪುಸ್ತಕ ಹಿಡಿದು ದಿನಕ್ಕೆ 30 ಪದ, ಆರು ತಿಂಗಳು ಬಾಯಿಪಾಠ ಮಾಡ್ತೀನಿ, ಯಾವ ಪುಸ್ತಕ ತಗೊಳ್ಳಲಿ ಅಂತ ಕೇಳಿದ್ದೀರಿ. ನಿಮ್ಮ ಪ್ಲಾನ್ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. 2012ರಲ್ಲಿ ನಾನೂ ಇದನ್ನೇ ಮಾಡಿದ್ದೆ.

ಹಾವೇರಿ ಕಡೆಯವನು ನಾನು. ಬೆಂಗಳೂರಿಗೆ ಕೆಲಸಕ್ಕೆ ಬಂದಾಗ ಮೀಟಿಂಗಿನಲ್ಲಿ ಬಾಯಿ ಬಿಡಲು ಹೆದರಿಕೆ. ಅವೆನ್ಯೂ ರೋಡಿನಲ್ಲಿ ಒಂದು ಹಳೆ ಜಿಆರ್‌ಇ ಪುಸ್ತಕ ಸಿಕ್ಕಿತು, ಸುಮಾರು 3,500 ಪದ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲಿ ನಿಂತು ಪದ, ಅರ್ಥ ಬರೆದ ಚೀಟಿ ನೋಡ್ತಾ ಗುನುಗುವುದೇ ಕೆಲಸ. ಆ ಪಟ್ಟಿ ಜಾಸ್ತಿ ಉಪಯೋಗಕ್ಕೆ ಬರುತ್ತಿದ್ದುದು ವಿರುದ್ಧಪದದ ಪ್ರಶ್ನೆಗಳಿಗೆ. ಅವನ್ನು 2011ರ ಆಗಸ್ಟಿನಲ್ಲೇ ಪರೀಕ್ಷೆಯಿಂದ ತೆಗೆದಿದ್ದರು. ನನಗದು ಗೊತ್ತೂ ಇರಲಿಲ್ಲ, ನಾನು ಪರೀಕ್ಷೆ ಬರೆಯುವವನೂ ಅಲ್ಲ!

ಆಗ ಇಂಗ್ಲೆಂಡಿನ ಒಬ್ಬ ಕ್ಲೈಂಟ್ ತಿಂಗಳ ಲೆಕ್ಕ ಕಳಿಸಿದರು. ಎರಡು ಸಾಲು ತಾಳೆ ಆಗಲಿಲ್ಲ. ಸುಮ್ನೆ ಕೇಳಿದ್ದರೆ ಮುಗಿಯುತ್ತಿತ್ತು. ನಾನು ಬರೆದದ್ದು, 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಫಿಗರ್ಸ್'. ನಮ್ಮ ಕ್ಲಾಸಿನಲ್ಲಿ 'ಸರ್, ಒಂದು ಡೌಟು' ಅಂದರೆ ಒಂದು ಪ್ರಶ್ನೆ, ಅಷ್ಟೇ ಅಲ್ವಾ? ಅವರಿಗೆ ಅದು 'ನಿಮ್ಮ ಲೆಕ್ಕದ ಮೇಲೆ ನನಗೆ ನಂಬಿಕೆಯಿಲ್ಲ' ಅಂತ ಕೇಳಿಸಿತು. ಅಷ್ಟಕ್ಕೇ ಬಿಡಲಿಲ್ಲ ನಾನು. ವ್ಯತ್ಯಾಸ ದೊಡ್ಡದು ಅನ್ನಲು ಹಿಂದಿನ ದಿನದ ಚೀಟಿಯಿಂದ 'ಇಗ್ರೀಜಸ್' ತಂದು ಹಾಕಿದೆ. ಚೀಟಿಯಲ್ಲಿ ನಾನೇ ಬರೆದುಕೊಂಡಿದ್ದ ಅರ್ಥ 'ತುಂಬಾ ದೊಡ್ಡ'. ನಿಜವಾದ ಅರ್ಥ, ನಾಚಿಕೆಗೇಡು ಅನ್ನುವಷ್ಟು ಕೆಟ್ಟದ್ದು. ಅಂದರೆ ನಾನು ಆ ಮನುಷ್ಯನಿಗೆ 'ನಿಮ್ಮ ಲೆಕ್ಕ ನಂಬುವಂತಿಲ್ಲ, ತಪ್ಪು ನಾಚಿಕೆಗೇಡಿನದು' ಅಂತ ಹೇಳಿದ್ದೆ. ಸಾಲದ್ದಕ್ಕೆ ತಪ್ಪು ಅವರದ್ದಲ್ಲ, ನಾನು ಹಳೇ ಶೀಟ್ ನೋಡುತ್ತಿದ್ದೆ.

ಎರಡು ವಾರದಲ್ಲಿ ನನ್ನನ್ನು ಪ್ರಾಜೆಕ್ಟಿನಿಂದ ತೆಗೆದರು. ಆನ್‌ಸೈಟ್, ಅಂದರೆ ಕ್ಲೈಂಟ್ ದೇಶಕ್ಕೆ ಹೋಗಿ ಕೆಲಸ ಮಾಡುವ ಕನಸೂ ಹೋಯಿತು.

ಮುಂದಿನ ಪ್ರಾಜೆಕ್ಟಿನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದ ಒಬ್ಬ ಗೆಳೆಯ ಸಿಕ್ಕ. ಮಾತೃಭಾಷೆ ಪೋರ್ಚುಗೀಸ್. ಲ್ಯಾಟಿನ್ ಮೂಲದ ದೊಡ್ಡ ಪದಗಳು ಅವನಿಗೆ ಬಿಟ್ಟಿ. 'ಫೆಸಿಲಿಟೇಟ್' ಅವನ ಭಾಷೆಯಲ್ಲಿ 'ಫಸಿಲಿಟಾರ್'. (ಅವರ 'ಮೇಜಾ' ನಮ್ಮಲ್ಲೂ 'ಮೇಜು' ಅಂತ ಹೇಳಿದಾಗ ಕುರ್ಚಿಯಿಂದ ಬೀಳುವ ಹಾಗೆ ನಕ್ಕ.) ಅವನೂ ಗೊತ್ತಿದ್ದ ಪದದಲ್ಲೇ ಬಿದ್ದಿದ್ದ. 'ಐ ಪ್ರಿಟೆಂಡ್ ಟು ಫಿನಿಶ್ ಬೈ ಫ್ರೈಡೇ' ಅಂತ ಬಾಸ್‌ಗೆ ಬರೆದಿದ್ದನಂತೆ. ಪೋರ್ಚುಗೀಸಿನ 'ಪ್ರೆಟೆಂಡೆರ್' ಅಂದರೆ ಉದ್ದೇಶ ಇದೆ ಅಂತ. ಇಂಗ್ಲಿಷಿನಲ್ಲಿ ಅದು ಮುಗಿಸುವ ನಾಟಕ ಆಡ್ತೀನಿ ಅಂದ ಹಾಗಾಯಿತು! ನಮ್ಮಿಬ್ಬರಿಗೂ 'ಪುಟ್ ಅಪ್ ವಿತ್' (ಸಹಿಸಿಕೊಳ್ಳು), 'ಗೆಟ್ ಬೈ' (ಹೇಗೋ ನಿಭಾಯಿಸು) ತರಹದ ಸಣ್ಣ ಪದಗಳ ಜೋಡಣೆ ಮಾತ್ರ ಬರುತ್ತಿರಲಿಲ್ಲ.

ಹಾಗಾಗಿ ಯಾವ ಪುಸ್ತಕ ಅನ್ನೋ ಪ್ರಶ್ನೆಯೇ ತಪ್ಪು ಅಂತೀನಿ. ಜಿಆರ್‌ಇ ಬರೆಯುವವರಾದರೆ ಬೇರೆ ಮಾತು. ಕಾಲೇಜು ಓದಿಗೆ ಬೇಕಾದರೆ 2000ದಲ್ಲಿ ಬಂದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ, 570 ಪದಕುಟುಂಬಗಳು (ಒಂದೇ ಮೂಲದ ಪದಗಳ ಗುಂಪು), ಸಾಕು. ಉಳಿದಂತೆ ಗೊತ್ತು ಅಂದುಕೊಂಡ ಪದಗಳನ್ನೇ ಲರ್ನರ್ಸ್ ಡಿಕ್ಷನರಿಯಲ್ಲಿ (ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು) ತೆಗೆದು ನೋಡಿ. ಅರ್ಥ ಬಿಡಿ, ಉದಾಹರಣೆ ವಾಕ್ಯ ಓದಿ. ನಮಗೆ ಮಳೆಯೂ ಜೋರು, ಗಾಳಿಯೂ ಜೋರು. ಅವರಿಗೆ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಪದಕ್ಕೆ ಪದ ಬರೆದ ಚೀಟಿಯಲ್ಲಿ ಇದು ಯಾವತ್ತೂ ಸಿಗಲ್ಲ.

ಇವತ್ತು ರಾತ್ರಿ 'ರಿವರ್ಟ್' ನೋಡಿ. ಆಫೀಸ್ ಮೇಲ್‌ನಲ್ಲಿ 'ಉತ್ತರ ಕೊಡಿ' ಅನ್ನೋ ಅರ್ಥಕ್ಕೆ ದಿನಾ ಬರೀತಿರ್ತೀರಿ, ಪಂದ್ಯ ಕಟ್ಟುತ್ತೇನೆ.