ಕುರ್ಚಿಯಲ್ಲೇ ರಾತ್ರಿ ಕಳೆಯುತ್ತಿದ್ದವರು

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

"ಇವರಿಗೆ ಬರೀ ಹೆದರಿಕೆ ಮೇಡಂ. ನೀವಾದರೂ ಸ್ವಲ್ಪ ಧೈರ್ಯ ಹೇಳಿ" ಎನ್ನುತ್ತಲೇ ಹೆಂಡತಿ ಒಳಗೆ ಬಂದರು. ಯಜಮಾನರಿಗೆ 61 ವರ್ಷ. ಹಾಸನದ ಕಡೆ ದಿನಸಿ ಅಂಗಡಿ. ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಈಗ ಹೃದಯದ ಪಂಪಿಂಗ್ 30 ಪರ್ಸೆಂಟ್. ನಾಲ್ಕು ತಿಂಗಳಿಂದ ಅಂಗಡಿ ಮೆಟ್ಟಿಲು ಹತ್ತಿಲ್ಲ. ಹತ್ತು ದಿನದಿಂದ ರಾತ್ರಿಯೆಲ್ಲ ಕುರ್ಚಿಯಲ್ಲೇ. "ಮಲಗಿದ್ರೆ ಉಸಿರು ಕಟ್ಟತ್ತೆ" ಅಂದರು, ನೆಲ ನೋಡುತ್ತಾ.

ನಾನು ಧೈರ್ಯ ಹೇಳಲಿಲ್ಲ. ಪಾದ ಊದಿತ್ತು. ತೂಕ ನೋಡಿದರೆ ಹಿಂದಿನ ಚೀಟಿಗಿಂತ 3 ಕೆ.ಜಿ. ಜಾಸ್ತಿ. ನೀರಿನ ಮಾತ್ರೆ, ಅಂದರೆ ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆ, ತಗೋತೀರಾ? "ಬಸ್ಸಲ್ಲಿ ಹೋಗೋ ದಿನ ಇಲ್ಲ. ಒಂದಕ್ಕೆ ಅರ್ಜೆಂಟ್ ಆಗತ್ತಲ್ಲ." ಅವತ್ತೇ ಹೃದಯದ ಡಾಕ್ಟರ ಹತ್ತಿರ ಕಳಿಸಿದೆ. ಮೊದಲ ಭೇಟಿ ಅಷ್ಟೇ. ಮಲಗಿದರೆ ಹೆಚ್ಚಾಗಿ, ಎದ್ದು ಕೂತರೆ ಕಡಿಮೆಯಾಗುವ ದಮ್ಮನ್ನು ಸುಮ್ನೆ 'ಟೆನ್ಷನ್' ಅಂದುಬಿಡಬಾರದು.

ಮೈಯಲ್ಲಿ ತುಂಬಿದ್ದ ನೀರು ಇಳಿದ ಮೇಲೆ ಮತ್ತೆ ಬಂದರು. ಉಸಿರು ಸರಾಗ, ಮುಖ ಮಾತ್ರ ಹಾಗೇ. "ಹಾರ್ಟ್ ಫೇಲ್ಯೂರ್ ಅಂತ ಬರೆದವ್ರೆ. ಫೇಲ್ ಆದಮೇಲೆ ಇನ್ನೇನು ಮೇಡಂ?" ಹೃದಯ ನಿಂತಿಲ್ಲ, ಬೇಕಾದಷ್ಟು ಜೋರಾಗಿ ರಕ್ತ ತಳ್ಳುತ್ತಿಲ್ಲ ಎಂದು ಬಿಡಿಸಿ ಹೇಳಿದೆ. ಈ ಹೆಸರಿಟ್ಟವರ ಮೇಲೆ ನನಗೆ ಆಗಾಗ ಸಿಟ್ಟು ಬರುತ್ತದೆ.

ಹೆಂಡತಿಯನ್ನು ಹೊರಗೆ ಕೂರಿಸಿ, ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. "ಮಾತ್ರೆ ನಿಲ್ಲಿಸಿಬಿಡೋಣ ಅನ್ಸಿದೆ." ಅವರನ್ನು ಒಪ್ಪಿಸಿ ಮಾತ್ರೆಗಳ ಉಸ್ತುವಾರಿ ಮಗನಿಗೆ ವಹಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಬರೆದುಕೊಟ್ಟೆ. ಮನೋವೈದ್ಯರ ಬಳಿಗೆ ಹೋಗುವಾಗ ಹೃದಯದ ಚೀಟಿಗಳೆಲ್ಲ ಜೊತೆಗಿರಲಿ ಎಂದೆ. ಖಿನ್ನತೆಯ ಕೆಲವು ಹಳೇ ಮಾತ್ರೆಗಳು ಇಂಥ ಹೃದಯಕ್ಕೆ ಆಗಿಬರುವುದಿಲ್ಲ. ಹೃದಯಕ್ಕೆ ತೊಂದರೆಯಿಲ್ಲ ಎನ್ನಿಸಿಕೊಂಡ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ ಕೂಡ ಹಾರ್ಟ್ ಫೇಲ್ಯೂರ್ ರೋಗಿಗಳ ಮೇಲಿನ ದೊಡ್ಡ ಪ್ರಯೋಗದಲ್ಲಿ ಔಷಧವಿಲ್ಲದ ಸಪ್ಪೆ ಮಾತ್ರೆಗಿಂತ ಹೆಚ್ಚು ಗುಣ ತೋರಲಿಲ್ಲ. ಹಾಗಾಗಿ ಮಾತು, ದಿನಚರಿ ಎರಡನ್ನೂ ನಾನು ಬಿಡುವುದಿಲ್ಲ.

ಅಂಗಡಿಯವರಿಗೆ ಲೆಕ್ಕ ಬರೆಯುವುದು ಹೊಸದಲ್ಲ, ಅಲ್ವಾ? ಬೆಳಗ್ಗೆ ಒಂದಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆಯಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಡಾಕ್ಟರಿಗೆ ಫೋನ್. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಕೂತರೂ ದಮ್ಮು ಇಳಿಯದಿದ್ದರೆ ತೂಕ ಗೀಕ ನೋಡದೆ ಆಸ್ಪತ್ರೆಗೆ. ಡಾಕ್ಟರ್ ಒಪ್ಪಿದ ಮೇಲೆ ದಿನಾ ಒಂದು ಗಂಟೆ ಗಲ್ಲಾದಲ್ಲಿ ಕೂರುವುದು. ಮೂಟೆ ಮುಟ್ಟುವಂತಿಲ್ಲ. ಮನೆಯವರಿಗೆ ಹೇಳಿದ್ದು ಒಂದೇ: "ಧೈರ್ಯವಾಗಿರಿ" ಅನ್ನಬೇಡಿ, "ಇವತ್ತು ವ್ಯಾಪಾರ ಹೇಗಿತ್ತು?" ಅಂತ ಕೇಳಿ.

ಆರು ವಾರ ಕಳೆದಿದೆ. ಕೆಲವು ರಾತ್ರಿ ಈಗಲೂ ಕಷ್ಟವೇ. ಆದರೂ ಎರಡು ದಿಂಬಿಟ್ಟು ಮಲಗುತ್ತಾರೆ. ಮೊನ್ನೆ ಪುಸ್ತಕ ತಂದಿದ್ದರು. ಒಂದು ದಿನದ ತೂಕದ ಪಕ್ಕ ಸಣ್ಣಕ್ಷರದಲ್ಲಿ: "ಹಪ್ಪಳ 2. ಇವಳಿಗೆ ಗೊತ್ತಿಲ್ಲ."