ಒಂದೇ ಹೆಸರು, ಇಬ್ಬರು ಚರ್ಚಿಲ್

ನಿಮ್ಮ ಪತ್ರ ಕೈಸೇರಿತು. ನೀವು ಹೇಳಿದ್ದು ಸರಿ. ಹೋದ ಸಂಚಿಕೆಯಲ್ಲಿ ‘ದಿ ಕ್ರೈಸಿಸ್’ ಕಾದಂಬರಿಯನ್ನು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಬರೆದದ್ದು ಎಂದು ಅಚ್ಚು ಹಾಕಿದ್ದೆವು. ಅಚ್ಚಿಗೆ ಹೋಗುವ ಮುಂಚೆ ನಾನೇ ನೋಡಬೇಕಿತ್ತು, ಕ್ಷಮಿಸಿ. ಆದರೆ ಪತ್ರದ ಕೊನೆಯಲ್ಲಿ ನೀವೊಂದು ಮಾತು ಕೇಳಿದ್ದೀರಿ: “ಕಥೆ ಚೆನ್ನಾಗಿದ್ದರೆ ಸಾಕಲ್ವಾ, ಯಾರು ಬರೆದರೇನು?” ಅದಕ್ಕೆ ಸುಮ್ನೆ ಒಂದು ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಆ ಕಾದಂಬರಿಯ ವಿನ್‌ಸ್ಟನ್ ಚರ್ಚಿಲ್ ಅಮೆರಿಕದವರು. 1871ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದವರು. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧ ಮುಗಿದು ಆಗಲೇ ಆರು ವರ್ಷ ಆಗಿತ್ತು. ಅಂದರೆ ಅವರು ಕಣ್ಣಾರೆ ಕಾಣದ ಯುದ್ಧವನ್ನು ಬರೆದರು. ಆದರೆ ಅದು ಅವರ ಸ್ವಂತ ಊರನ್ನೇ ಎರಡು ಹೋಳು ಮಾಡಿದ ಯುದ್ಧ. ಹರಾಜಿಗೆ ನಿಲ್ಲಿಸಿದ ಹೆಸ್ಟರ್ ಎಂಬ ಗುಲಾಮ ಹುಡುಗಿಯನ್ನು ನಾಯಕ ಸ್ಟೀಫನ್ ಕೈಲಿದ್ದ ಹಣ ಸುರಿದು ಕೊಳ್ಳುತ್ತಾನೆ, ಬಿಡುಗಡೆ ಮಾಡಲಿಕ್ಕೆಂದೇ. ಅವನು ಮನಸ್ಸು ಕೊಟ್ಟ ವರ್ಜೀನಿಯಾ ಗುಲಾಮರನ್ನು ಇಟ್ಟುಕೊಂಡ ಮನೆಯವಳು. ಇಡೀ ಕಾದಂಬರಿ ಈ ಬಿರುಕಿನ ಮೇಲೆ ನಿಂತಿದೆ.

ಈಗ ಇನ್ನೊಬ್ಬರು. 1874ರಲ್ಲಿ ಹುಟ್ಟಿದ ಬ್ರಿಟನ್ನಿನ ಚರ್ಚಿಲ್ 1896ರಲ್ಲಿ ನಮ್ಮ ಬೆಂಗಳೂರಿನ ದಂಡಿಗೇ ಬಂದಿದ್ದರು. ವಾಯವ್ಯ ಗಡಿಯ ಕಾಳಗ ನೋಡಿ ಬಂದು, ಇಲ್ಲಿನ ಬಂಗಲೆಯಲ್ಲಿ ಕೂತು ಮಲಕಂಡ್ ದಂಡಯಾತ್ರೆಯ ಪುಸ್ತಕ ಬರೆದರು. ಮುಂದೆ ಸೂಡಾನ್ ಯುದ್ಧದ ಮೇಲೆ ‘ದಿ ರಿವರ್ ವಾರ್’ ಬಂತು. 1898ರ ಒಮ್ದುರ್ಮಾನ್ ಕಾಳಗದಲ್ಲಿ ಕುದುರೆದಳ ನುಗ್ಗಿದಾಗ ಅವರೂ ಕುದುರೆಯ ಮೇಲಿದ್ದರು. ಹಿಂದೆ ಭುಜದ ಕೀಲು ತಪ್ಪಿದ್ದರಿಂದ ಕತ್ತಿ ಬೀಸುವಂತಿರಲಿಲ್ಲ. ಪಿಸ್ತೂಲು ಹಿಡಿದೇ ನುಗ್ಗಿದರು. ಇಂಥವರ ಬರಹವನ್ನು ನಾವು ಸಾಕ್ಷಿ ಅಂತ ಓದುತ್ತೇವೆ. ಕಾದಂಬರಿಕಾರನ ಹತ್ತಿರ ಕೇಳುವುದೇ ಬೇರೆ: ಸತ್ತುಹೋದ ಕಾಲಕ್ಕೆ ಜೀವ ಬಂತೇ? ಹೆಸರು ಅದಲುಬದಲಾದರೆ ನಮ್ಮ ಪ್ರಶ್ನೆಯೂ ಅದಲುಬದಲಾಗುತ್ತದೆ. ಅದಕ್ಕೇ ಯಾರು ಬರೆದದ್ದು ಅನ್ನುವುದು ನನಗೆ ಇಷ್ಟು ಮುಖ್ಯ.

ಈ ಗೊಂದಲ ಅವರ ಕಾಲದಲ್ಲೇ ಶುರುವಾಗಿತ್ತು. ಆಗ ಕಾದಂಬರಿಕಾರನೆಂದು ಹೆಸರು ಮಾಡುತ್ತಿದ್ದವರು ಅಮೆರಿಕದವರು. 1899ರ ಜೂನ್‌ನಲ್ಲಿ ಬ್ರಿಟನ್ನಿನವರೇ ಅವರಿಗೆ ಕಾಗದ ಬರೆದು, ಇನ್ನು ಮೇಲೆ ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂದು ಹಾಕಿಕೊಳ್ಳುತ್ತೇನೆ ಅಂದರು. ತನಗೂ ಇನ್ನೊಂದು ಹೆಸರಿದ್ದಿದ್ದರೆ ಖಂಡಿತ ಬಳಸುತ್ತಿದ್ದೆ ಅಂತ ಅಮೆರಿಕದವರು ಉತ್ತರ ಬರೆದರು. ಎಷ್ಟು ದೊಡ್ಡ ಮನಸ್ಸು ಇಬ್ಬರದೂ! 1900ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಭೇಟಿಯಾದರು. ಅಮೆರಿಕದವರು ಊಟ ಹಾಕಿಸಿದರು, ಊಟದ ಬಿಲ್ ಮಾತ್ರ ಅತಿಥಿಯ ಕೈಗೆ ಬಂತು. ಅತಿಥಿಯ ಟಪಾಲೆಲ್ಲ ಇವರ ವಿಳಾಸಕ್ಕೆ ಹೋಯಿತು.

ಇನ್ನೂ ಸೋಜಿಗವೆಂದರೆ ಇಬ್ಬರೂ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಟ್ಟವರು. ಬ್ರಿಟನ್ನಿನವರು ‘ಸವ್ರೋಲಾ’ ಎಂಬ ಒಂದೇ ಒಂದು ಕಾದಂಬರಿ ಬರೆದರು, ಆಮೇಲೆ ಅದನ್ನು ಓದಬೇಡಿ ಅಂತ ಗೆಳೆಯರಿಗೆ ತಾವೇ ಹೇಳುತ್ತಿದ್ದರು. ಅಮೆರಿಕದವರು ಮೊದಲ ಮಹಾಯುದ್ಧದ ಯುರೋಪಿಗೆ ಹೋಗಿಬಂದು 1918ರಲ್ಲಿ ‘ಎ ಟ್ರಾವೆಲರ್ ಇನ್ ವಾರ್-ಟೈಮ್’ ಪ್ರಕಟಿಸಿದರು. ಹಾಗಾಗಿ ಕಾದಂಬರಿ ಒಬ್ಬರದು, ಯುದ್ಧಬರಹ ಇನ್ನೊಬ್ಬರದು ಅಂತ ಕಣ್ಣುಮುಚ್ಚಿ ಹಂಚುವಂತಿಲ್ಲ. ಸಾಲದ್ದಕ್ಕೆ ಬ್ರಿಟನ್ನಿನವರದು ‘ದಿ ವರ್ಲ್ಡ್ ಕ್ರೈಸಿಸ್’ ಅಂತ ಬೇರೆ ಇದೆ, ಅದು ಮೊದಲ ಮಹಾಯುದ್ಧದ ಚರಿತ್ರೆ. ನಾವು ಎಡವಿದ್ದು ಇಲ್ಲೇ.

ಇದರಲ್ಲಿ ಜಾಸ್ತಿ ಅನ್ಯಾಯ ಆಗಿರುವುದು ಅಮೆರಿಕದವರಿಗೆ. 1953ರಲ್ಲಿ ಸಾಹಿತ್ಯದ ನೊಬೆಲ್ ಇನ್ನೊಬ್ಬರಿಗೆ ಬಂದಾಗ ಇವರು ತೀರಿಕೊಂಡು ಆರು ವರ್ಷವಾಗಿತ್ತು. ನಾವೂ ಅವರ ಪುಸ್ತಕವನ್ನು ಅವರಿಂದ ಕಿತ್ತುಕೊಂಡೆವಲ್ಲ ಎಂಬುದು ನನ್ನನ್ನು ಚುಚ್ಚುತ್ತಿದೆ. ಮುಂದಿನ ಸಂಚಿಕೆಯಲ್ಲಿ ‘ದಿ ಕ್ರೈಸಿಸ್’ ಬಗ್ಗೆ ಪೂರ್ತಿ ಎರಡು ಪುಟ ಕೊಡುತ್ತೇವೆ, ಬರೆದವರ ಹೆಸರು ಮತ್ತು ಊರಿನ ಸಮೇತ. ಅಷ್ಟರೊಳಗೆ ನಿಮ್ಮ ಪ್ರತಿಯನ್ನು ಓದಿ ಮುಗಿಸಿದರೆ, ಆ ಹರಾಜಿನ ಪ್ರಸಂಗ ನಿಮಗೆ ಹೇಗೆ ಅನ್ನಿಸಿತು ಅಂತ ಖಂಡಿತ ಬರೆಯಿರಿ.

– ಸಂಪಾದಕ