ಇಲ್ಲದ ರಾಜನ ಬೋಳುತಲೆ

ಹೋದ ಸಂಚಿಕೆಯಲ್ಲಿ ಅನಾಲಿಟಿಕ್ ಫಿಲಾಸಫಿ, ಅಂದರೆ ಮಾತನ್ನೂ ವಾದವನ್ನೂ ಬಿಚ್ಚಿ ನೋಡುವ ತತ್ವಶಾಸ್ತ್ರದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇನೆ. ಬೈಗುಳಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ತತ್ವಶಾಸ್ತ್ರ ಅಂದರೆ ಹುಟ್ಟು, ಸಾವು, ದೇವರು ಅಂದುಕೊಂಡು ಎಂ.ಎ.ಗೆ ಸೇರಿದೆ. ಮೊದಲ ವಾರವೇ ಸಿಕ್ಕಿದ್ದು 'ಫ್ರಾನ್ಸಿನ ಈಗಿನ ರಾಜನ ತಲೆ ಬೋಳು' ಅನ್ನೋ ವಾಕ್ಯ. ಫ್ರಾನ್ಸಿಗೆ ರಾಜನೇ ಇಲ್ಲವಲ್ಲ! ಇದನ್ನು ಓದಿ ಏನು ಉದ್ಧಾರ? (ಒಬ್ಬ ವಿದ್ಯಾರ್ಥಿ, ಮೈಸೂರು)

ಉತ್ತರ: ರಾಜ ಇಲ್ಲ ಅನ್ನೋದೇ ಇಲ್ಲಿ ವಿಷಯ. ಬ್ರಿಟಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಬರೆದ ಲೇಖನದ ವಾಕ್ಯ ಅದು. ಆಗಲೂ ಫ್ರಾನ್ಸ್‌ನಲ್ಲಿ ರಾಜ ಇರಲಿಲ್ಲ. ರಸೆಲ್‌ನ ತಲೆನೋವು ಹೀಗಿತ್ತು. ಬೋಳುತಲೆಯವರ ಪಟ್ಟಿ ಮಾಡಿದರೆ ಈ ರಾಜ ಅದರಲ್ಲಿಲ್ಲ. ಬೋಳಿಲ್ಲದವರ ಪಟ್ಟಿಯಲ್ಲೂ ಇಲ್ಲ. ಹಾಗಾದರೆ ವಾಕ್ಯ ನಿಜವೋ ಸುಳ್ಳೋ? ಎರಡು ವಿರುದ್ಧ ಮಾತುಗಳನ್ನು ಬೆಸೆಯೋದೆಂದರೆ ಇಷ್ಟಪಡುವ, ಜರ್ಮನ್ ತತ್ವಜ್ಞಾನಿ ಹೆಗೆಲ್‌ನ ಶಿಷ್ಯರಾದರೆ ರಾಜ ವಿಗ್ ಹಾಕಿದ್ದಾನೆ ಅಂದುಬಿಡುತ್ತಾರೇನೋ ಅಂತ ಅದೇ ಲೇಖನದಲ್ಲಿ ಕುಟುಕಿದ್ದಾನೆ.

ರಸೆಲ್ ಕಂಡುಕೊಂಡ ದಾರಿಯನ್ನು ಹೇಳೋಕೆ ಅಜ್ಜಿ ಕತೆ ಸಾಕು. 'ಒಂದೂರಲ್ಲಿ ಒಬ್ಬ ರಾಜ ಇದ್ದ. ರಾಜನಿಗೆ ಮೂರು ಜನ ಹೆಂಡಿರು.' ಮೊದಲ ವಾಕ್ಯ ರಾಜನನ್ನು ತಂದು ನಿಲ್ಲಿಸುತ್ತದೆ, ಎರಡನೆಯದು ಅವನ ಸುದ್ದಿ ಹೇಳುತ್ತದೆ. ಅಜ್ಜಿ ಮೊದಲನೆಯದನ್ನು ನುಂಗಿದರೆ ಮಗು 'ಯಾವ ರಾಜ ಅಜ್ಜೀ?' ಅಂತ ಕೇಳಿಯೇ ಕೇಳುತ್ತದೆ. ರಸೆಲ್‌ನ ಮೂಲ ವಾಕ್ಯದಲ್ಲಿರೋ ಇಂಗ್ಲಿಷಿನ 'ದ' (the) ಅನ್ನೋ ಚಿಕ್ಕ ಪದ ಅಜ್ಜಿಯ ಎರಡೂ ವಾಕ್ಯಗಳನ್ನು ಒಂದರಲ್ಲೇ ತುರುಕುತ್ತದೆ, ಯಾರೂ ಕೇಳದ ಹಾಗೆ. ರಸೆಲ್ ಆ ಗಂಟನ್ನು ಬಿಚ್ಚಿದ: ಫ್ರಾನ್ಸಿಗೆ ಈಗ ರಾಜ ಇದ್ದಾನೆ, ಒಬ್ಬನೇ ಇದ್ದಾನೆ, ಅವನ ತಲೆ ಬೋಳು. ಮೊದಲ ಮಾತೇ ಸುಳ್ಳಾದ್ದರಿಂದ ಒಟ್ಟು ವಾಕ್ಯವೂ ಸುಳ್ಳು. ಮಾತಿನಲ್ಲಿ ಬಂದ ಮಾತ್ರಕ್ಕೆ ಆ ವಸ್ತು ಎಲ್ಲಾದರೂ ಒಂದು ಕಡೆ ಇರಲೇಬೇಕು ಅನ್ನೋ ಕಟ್ಟುಪಾಡು ಅಲ್ಲಿಗೆ ತಪ್ಪಿತು.

ನಿಮ್ಮ ದೇವರ ಪ್ರಶ್ನೆಗೂ ಇದು ಬೇಕು. 'ಈ ಜಗತ್ತನ್ನು ಮಾಡಿದವನು ಕರುಣಾಳು' ಅಂತ ಯಾರಾದರೂ ಶುರು ಮಾಡಿದರೆ ನೀವು ಕರುಣೆ ಬಗ್ಗೆ ವಾದಕ್ಕೆ ಇಳಿಯುತ್ತೀರಿ, ಅಷ್ಟರಲ್ಲಿ ಮಾಡಿದವನು ಇದ್ದಾನೆ, ಒಬ್ಬನೇ ಇದ್ದಾನೆ ಅನ್ನೋ ಎರಡು ಮಾತು ಸದ್ದಿಲ್ಲದೆ ಮನೆಯೊಳಗೆ ಬಂದು ಕೂತಿರುತ್ತವೆ.

ಕನ್ನಡದಲ್ಲಿ 'ದ' ಇಲ್ಲ. ನಾವು ಆ ಕೆಲಸವನ್ನು ಬೇರೆ ಕಡೆ ಮಾಡಿಸುತ್ತೇವೆ. 'ಪುಸ್ತಕ ಓದಿದೆ' ಅಂದರೆ ಯಾವುದೋ ಒಂದು. 'ಪುಸ್ತಕವನ್ನು ಓದಿದೆ' ಅಂದರೆ ನಿಮಗೂ ಗೊತ್ತಿರೋ ಆ ಪುಸ್ತಕ ಅನ್ನೋ ಧ್ವನಿ ಬರುತ್ತೆ, ಅಲ್ವಾ? ರಸೆಲ್‌ಗಂತೂ ಈ 'ದ' ಪದದ ಮೇಲೆ ವಿಪರೀತ ಮೋಹ. ಯುದ್ಧವಿರೋಧಿ ಬರಹಕ್ಕಾಗಿ 1918ರಲ್ಲಿ ಬ್ರಿಕ್ಸ್‌ಟನ್ ಜೈಲಿಗೆ ಹೋದಾಗ ಅಲ್ಲಿ ಬರೆದ ಪುಸ್ತಕದಲ್ಲಿ ಎರಡು ಅಧ್ಯಾಯಗಳನ್ನು ಅದಕ್ಕೇ ಕೊಟ್ಟ. ಜೈಲೇನು, ಸೊಂಟದಿಂದ ಕೆಳಗೆ ಸತ್ತುಹೋಗಿದ್ದರೂ ಈ ಪದದ ವಿಚಾರ ಬರೆಯುತ್ತಿದ್ದೆ ಅಂತ ಸೇರಿಸಿದ.

ಎಲ್ಲರೂ ಒಪ್ಪಿದರು ಅಂತಲ್ಲ. 1950ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಸ್ಟ್ರಾಸನ್, ರಾಜನೇ ಇಲ್ಲದಿದ್ದರೆ ವಾಕ್ಯ ಸುಳ್ಳಾಗಲ್ಲ, ನಿಜವೋ ಸುಳ್ಳೋ ಅನ್ನೋ ಪ್ರಶ್ನೆಯೇ ಏಳಲ್ಲ ಅಂದ. ನನಗೂ ಅಜ್ಜಿಯ ಮೊಮ್ಮಗು ಸ್ಟ್ರಾಸನ್ ಕಡೆಗೇ ಇದೆ ಅನ್ನಿಸುತ್ತೆ. ಅದು 'ಸುಳ್ಳು' ಅನ್ನಲಿಲ್ಲ, 'ಯಾವ ರಾಜ?' ಅಂದಿತು.

ಪ್ರಶ್ನೆ: ಇದನ್ನೆಲ್ಲ ಶುರು ಮಾಡಿದ್ದು ರಸೆಲ್ಲೇ? (ದಾವಣಗೆರೆ)

ಉತ್ತರ: ಅವನಿಗಿಂತ ಮೊದಲು ಜರ್ಮನಿಯ ಯೇನಾದಲ್ಲಿ ಗಣಿತ ಪಾಠ ಮಾಡುತ್ತಿದ್ದ ಗಾಟ್ಲೋಬ್ ಫ್ರೇಗೆ. 1879ರಲ್ಲಿ ಹೊಸ ತರ್ಕಭಾಷೆಯನ್ನೇ ಕಟ್ಟಿದ, ಹೆಚ್ಚು ಜನ ಗಮನಿಸಲಿಲ್ಲ. ಅಂಕಗಣಿತವನ್ನೆಲ್ಲ ತರ್ಕದ ಮೇಲೆ ನಿಲ್ಲಿಸೋದು ಅವನ ಆಸೆ. ಅದಕ್ಕಾಗಿ ಬರೆದ ಪುಸ್ತಕದ ಎರಡನೇ ಸಂಪುಟ ಅಚ್ಚಿನಲ್ಲಿದ್ದಾಗ, 1902ರ ಜೂನ್‌ನಲ್ಲಿ, ರಸೆಲ್‌ನಿಂದ ಒಂದು ಕಾಗದ ಬಂತು. ತನ್ನೊಳಗೆ ತಾನು ಸೇರದ ಗಣಗಳನ್ನೆಲ್ಲ (ಸೆಟ್‌ಗಳನ್ನೆಲ್ಲ) ಒಂದು ಗಣ ಮಾಡಿ ಅಂತಿಟ್ಟುಕೊಳ್ಳಿ. ಅದು ತನ್ನೊಳಗೆ ಸೇರುತ್ತದೋ ಇಲ್ಲವೋ? ಸೇರಿದರೆ ಸೇರಬಾರದು, ಸೇರದಿದ್ದರೆ ಸೇರಬೇಕು. ಅಡಿಪಾಯದಲ್ಲೇ ಬಿರುಕು. ಫ್ರೇಗೆ ಮುಚ್ಚಿಡಲಿಲ್ಲ, ವಾರದೊಳಗೆ ಉತ್ತರ ಬರೆದ, 1903ರಲ್ಲಿ ಬಂದ ಸಂಪುಟಕ್ಕೆ ಈ ಬಿರುಕಿನ ಬಗ್ಗೆಯೇ ಅನುಬಂಧ ಸೇರಿಸಿದ. ನನಗೆ ಇವರೆಲ್ಲರಲ್ಲಿ ಜಾಸ್ತಿ ಇಷ್ಟ ಆಗೋದು ಈ ಮನುಷ್ಯನ ಆ ಒಂದು ವಾರ.

ಪ್ರಶ್ನೆ: ವಿಟ್‌ಗೆನ್‌ಸ್ಟೈನ್ ಒಬ್ಬರಲ್ಲ, ಇಬ್ಬರು ಅಂತಾರಲ್ಲ, ನಿಜವೇ? (ಶಿರಸಿ)

ಉತ್ತರ: ಆಸ್ಟ್ರಿಯಾದಲ್ಲಿ ಹುಟ್ಟಿದ, ರಸೆಲ್‌ನ ಶಿಷ್ಯನಾಗಿದ್ದ ಈ ಆಸಾಮಿ ಒಬ್ಬನೇ, ಅಭಿಪ್ರಾಯ ಎರಡು. 1921ರಲ್ಲಿ ಮೊದಲು ಅಚ್ಚಾದ 'ಟ್ರ್ಯಾಕ್ಟೇಟಸ್'ನಲ್ಲಿ ವಾಕ್ಯ ಅನ್ನೋದು ಜಗತ್ತಿನ ಚಿತ್ರ ಅಂದ. ಇನ್ನು ಕೆಲಸ ಉಳಿದಿಲ್ಲ ಅಂತ ಆಸ್ಟ್ರಿಯಾದ ಹಳ್ಳಿಗಳಲ್ಲಿ ಮೇಷ್ಟ್ರಾದ. 1929ರಲ್ಲಿ ಕೇಂಬ್ರಿಜ್‌ಗೆ ಮರಳಿದ ಮೇಲೆ ತನ್ನ ಮಾತನ್ನೇ ಕೆಡವಿದ. ಹಾಗೆ ಕೆಡವಿದ ಎರಡನೇ ಪುಸ್ತಕ ಅವನು ಸತ್ತ ಮೇಲೆ, 1953ರಲ್ಲಿ ಬಂತು. ಎಲ್ಲ ಆಟಗಳಲ್ಲೂ ಇರುವ ಒಂದೇ ಗುಣ ಯಾವುದು ಅಂತ ಅಲ್ಲಿ ಕೇಳುತ್ತಾನೆ. ಅವನಿಗೆ ಕನ್ನಡ ಬಂದಿದ್ದರೆ ಎಷ್ಟು ಖುಷಿಪಡುತ್ತಿದ್ದನೋ! ಚೌಕಾಬಾರ ಆಟ, ಕಬಡ್ಡಿ ಆಟ, ಥಿಯೇಟರಿನಲ್ಲಿ ಬೆಳಗಿನ ಆಟ, ಕರಾವಳಿಯಲ್ಲಿ ರಾತ್ರಿಯಿಡೀ ನಡೆಯೋ ಯಕ್ಷಗಾನವೂ ಆಟ. ಇವುಗಳಿಗೆಲ್ಲ ಒಂದೇ ಲಕ್ಷಣ ಹುಡುಕಿ ನೋಡಿ. ಸಿಗೋದು ಮನೆಮಂದಿಯ ಹೋಲಿಕೆ ಅಷ್ಟೇ, ಒಬ್ಬರಿಗೆ ಮೂಗು, ಇನ್ನೊಬ್ಬರಿಗೆ ನಡಿಗೆ.

ಪ್ರಶ್ನೆ: ಗೆಟಿಯರ್ ಹೇಳಿದ್ದನ್ನು ನಮ್ಮವರು ಸಾವಿರ ವರ್ಷ ಮೊದಲೇ ಹೇಳಿದ್ದರು ಅಂತ ವಾಟ್ಸಾಪ್‌ನಲ್ಲಿ ಬಂತು. (ಬೆಂಗಳೂರು)

ಉತ್ತರ: ವಾಟ್ಸಾಪ್ ಈ ಸಲ ಅರ್ಧ ಸರಿ. ನಂಬಿಕೆ ನಿಜವಾಗಿದ್ದು, ಅದಕ್ಕೆ ಒಳ್ಳೆ ಕಾರಣವೂ ಇದ್ದರೆ ಅದೇ ಜ್ಞಾನ ಅಂತ ಹೇಳುತ್ತಿದ್ದವರಿಗೆ ಅಮೆರಿಕದ ತತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದಲ್ಲಿ ಸಾಲದು ಅಂತ ತೋರಿಸಿದ. ಎಂಟನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನ ಉದಾಹರಣೆ ನೋಡಿ. ಮಾಂಸ ಸುಡೋಕೆ ಯಾರೋ ಈಗಷ್ಟೇ ಬೆಂಕಿ ಹಚ್ಚಿದ್ದಾರೆ, ಹೊಗೆ ಇನ್ನೂ ಎದ್ದಿಲ್ಲ. ಮಾಂಸಕ್ಕೆ ಮುತ್ತಿದ ಹುಳಗಳ ಹಿಂಡು ದೂರದಿಂದ ಹೊಗೆಯಂತೆ ಕಾಣುತ್ತದೆ. ನೋಡಿದವನು 'ಅಲ್ಲಿ ಬೆಂಕಿ ಇದೆ' ಅನ್ನುತ್ತಾನೆ. ಮಾತು ನಿಜ, ಆದರೆ ಅವನಿಗೆ ಅದು ಗೊತ್ತಿತ್ತು ಅನ್ನಬಹುದೇ? ಹೋಲಿಕೆ ಗಟ್ಟಿಯೇ. ಆದರೂ ಧರ್ಮೋತ್ತರ ಹೊರಟಿದ್ದು ಪ್ರಮಾಣ (ಸರಿಯಾದ ಅರಿವಿಗೆ ದಾರಿ) ಅಂದರೇನು ಅನ್ನೋ ತನ್ನ ಕಾಲದ ಜಗಳಕ್ಕೆ, ಗೆಟಿಯರ್‌ನನ್ನು ಸೋಲಿಸೋಕೆ ಅಲ್ಲ. ಇಂಥ ಓದನ್ನು ಗಂಭೀರವಾಗಿ ಮಾಡಿದವರು 1976ರಿಂದ ಆಕ್ಸ್‌ಫರ್ಡ್‌ನಲ್ಲಿ ಪ್ರೊಫೆಸರ್ ಆಗಿದ್ದ ಬಿಮಲ್ ಕೃಷ್ಣ ಮತಿಲಾಲ್. ಫಾರ್ವರ್ಡ್ ಮಾಡೋ ಮೊದಲು ಅವರನ್ನು ಓದಿ.

ಪ್ರಶ್ನೆ: ಎಲ್ಲಿಂದ ಶುರು ಮಾಡಲಿ? (ಹಾಸನ)

ಉತ್ತರ: ರಸೆಲ್ 1912ರಲ್ಲಿ ಸಾಮಾನ್ಯ ಓದುಗರಿಗೆ ಅಂತಲೇ ಬರೆದ 'ದ ಪ್ರಾಬ್ಲಮ್ಸ್ ಆಫ್ ಫಿಲಾಸಫಿ' ಇದೆ, ತೆಳ್ಳಗಿದೆ. ಮೊದಲ ಅಧ್ಯಾಯದ ತುಂಬ ಒಂದು ಮೇಜು, ಅಷ್ಟೇ. 'ಟ್ರ್ಯಾಕ್ಟೇಟಸ್'ನಿಂದ ಮಾತ್ರ ಶುರು ಮಾಡಬೇಡಿ. ನಾನು ಹಾಗೆ ಮಾಡಿ ಎರಡು ವರ್ಷ ಈ ಕಡೆ ತಲೆಹಾಕಿರಲಿಲ್ಲ.